ಡಿಸೆಂಬರಿನ ಓಡಾಟದ ನಡುವೆ ಹೃದಯ ಕ್ರಿಸ್ಮಸ್ ಹಬ್ಬಕ್ಕೆ ಸಿದ್ಧವಾಗುವುದು ಹೇಗೆ?

ಪ್ರಶ್ನೆ: ಫಾದರ್, ನಾನು ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಯಜಮಾನರಿಗೆ ಶಿಫ್ಟ್ ಡ್ಯೂಟಿ. ಡಿಸೆಂಬರ್ ಬಂತೆಂದರೆ ನನಗೆ ಭಯ ಶುರುವಾಗುತ್ತದೆ. ಆಫೀಸಿನಲ್ಲಿ ಒಂದರ ಹಿಂದೆ ಒಂದು ಗಡುವು. ಮನೆಯಲ್ಲಿ ಸುಣ್ಣಬಣ್ಣ, ಹೊಸ ಬಟ್ಟೆ, ಕಜ್ಜಾಯ, ರೋಸ್ ಕುಕ್ಕೀಸ್, ಕೇಕು, ಅಕ್ಕಪಕ್ಕದವರಿಗೆ ಹಂಚುವುದು, ರಾತ್ರಿ ಬರುವ ಕ್ಯಾರಲ್ಸ್ ತಂಡ, ಮೈಸೂರಿನಿಂದ ಬರುವ ನೆಂಟರು. ಕಳೆದ ವರ್ಷ ಮಧ್ಯರಾತ್ರಿ ಪೂಜೆಯಲ್ಲಿ ಕೂತಲ್ಲೇ ನಿದ್ದೆ ಹೋದೆ. ಹಬ್ಬ ಮುಗಿದ ಮೇಲೆ ಒಬ್ಬಳೇ ಕೂತು ಅತ್ತುಬಿಟ್ಟೆ. ಸಾಲದ್ದಕ್ಕೆ ಓರಗಿತ್ತಿಯ ಜೊತೆ ಎರಡು ವರ್ಷದಿಂದ ಮಾತಿಲ್ಲ, ಅವರು ಬರುತ್ತಾರೋ ಇಲ್ಲವೋ ಅನ್ನುವ ಟೆನ್ಷನ್. ಅದು ಬೇರೆ ವಿಷಯ ಬಿಡಿ. ದಿನಕ್ಕೆ ಒಂದು ಗಂಟೆ ಪ್ರಾರ್ಥನೆ ಮಾಡಿ ಅಂತ ಧ್ಯಾನಕೂಟದಲ್ಲಿ ಹೇಳುತ್ತಾರೆ. ನನ್ನಿಂದ ಆಗಲ್ಲ. ನನ್ನಂಥವಳು ಹೃದಯವನ್ನು ಹೇಗೆ ಸಿದ್ಧಮಾಡಿಕೊಳ್ಳಬೇಕು?

ಉತ್ತರ: ಸಹೋದರಿ, ಮೊದಲು ಒಂದು ಭಾರ ಇಳಿಸಿಬಿಡೋಣ. ದಿನಕ್ಕೆ ಒಂದು ಗಂಟೆ ಸಿಗದವರ ಹೃದಯ ಹಬ್ಬಕ್ಕೆ ಸಿದ್ಧವಾಗುವುದಿಲ್ಲ ಎಂದು ಧರ್ಮಸಭೆ ಎಲ್ಲೂ ಹೇಳಿಲ್ಲ. ಆ ಒಂದು ಗಂಟೆ ಸಿಕ್ಕವರಿಗೆ ಅದು ದೊಡ್ಡ ವರ. ನಿಮಗೆ ಸಿಗುತ್ತಿಲ್ಲ, ಅಷ್ಟೇ. ಅದಕ್ಕಾಗಿ ಕೊರಗುತ್ತಾ ಕೂತರೆ ಇರುವ ಹತ್ತು ನಿಮಿಷವೂ ಹೋಗುತ್ತದೆ.

ಆಗಮನ ಕಾಲದಲ್ಲಿ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಲ್ಲಿ, ನಾವು ದೇವಾಲಯದಲ್ಲಿ ಯಾರ ಬಗ್ಗೆ ಜಾಸ್ತಿ ಕೇಳುತ್ತೇವೆ, ನೆನಪಿಸಿಕೊಳ್ಳಿ. ಯೇಸುಸ್ವಾಮಿಗೆ ದಾರಿ ಸಿದ್ಧಪಡಿಸಲು ಬಂದ ಪ್ರವಾದಿ ಸ್ನಾನಿಕ ಯೊವಾನ್ನರ ಬಗ್ಗೆ. ಎರಡನೇ ಮತ್ತು ಮೂರನೇ ಭಾನುವಾರ ಓದುವ ಶುಭಸಂದೇಶದಲ್ಲಿ (ಬೈಬಲಿನಲ್ಲಿ ಯೇಸುಸ್ವಾಮಿಯ ಜೀವನ ಹೇಳುವ ಭಾಗ) ಪ್ರತಿ ವರ್ಷ ಅವರೇ ಬರುತ್ತಾರೆ. ಅವರು ಇದ್ದದ್ದು ಅರಣ್ಯದಲ್ಲಿ, ತಿಂದದ್ದು ಮಿಡತೆ ಮತ್ತು ಕಾಡುಜೇನು. ಹಾಗಾಗಿ ಇವರು ನಮ್ಮಂಥ ಸಂಸಾರಸ್ಥರಿಗೆ ಹೇಳುವುದೇನಿದೆ ಅನ್ನಿಸಬಹುದು. ಆದರೆ ಲೂಕನ ಶುಭಸಂದೇಶದ 3ನೇ ಅಧ್ಯಾಯ ತೆಗೆದು ನೋಡಿ. ಜನ ಅವರ ಹತ್ತಿರ ಬಂದು ನಿಮ್ಮದೇ ಪ್ರಶ್ನೆ ಕೇಳುತ್ತಾರೆ: ಹಾಗಾದರೆ ನಾವೇನು ಮಾಡಬೇಕು?

ಅವರು ಕೊಟ್ಟ ಉತ್ತರ ನನಗೆ ಪ್ರತಿ ವರ್ಷವೂ ಹೊಸದಾಗಿ ಕಾಣುತ್ತದೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇದ್ದವನೂ ಹಾಗೇ ಮಾಡಲಿ. ಸುಂಕ ವಸೂಲಿ ಮಾಡುವವರು ನಿಗದಿ ಆದದ್ದಕ್ಕಿಂತ ಹೆಚ್ಚು ಕೇಳಬಾರದು. ಸೈನಿಕರು ಯಾರನ್ನೂ ಹೆದರಿಸಿ ಹಣ ಕೀಳಬಾರದು, ಸುಳ್ಳು ಆಪಾದನೆ ಹೊರಿಸಬಾರದು, ತಮ್ಮ ಸಂಬಳದಲ್ಲಿ ತೃಪ್ತಿ ಪಡಬೇಕು. ಯಾರಿಗೂ ಕೆಲಸ ಬಿಟ್ಟು ಬನ್ನಿ ಅನ್ನಲಿಲ್ಲ. ನನ್ನ ಹಾಗೆ ಮಿಡತೆ ತಿನ್ನಿ ಎಂದೂ ಅನ್ನಲಿಲ್ಲ. ನಿಮ್ಮ ಮೇಜಿನ ಮುಂದೆ, ನಿಮ್ಮ ಮನೆಯ ಕಪಾಟಿನ ಮುಂದೆ, ನಿಮ್ಮ ಕೈಗೆ ಬರುವ ದುಡ್ಡಿನ ವಿಷಯದಲ್ಲಿ ಸರಿಯಾಗಿರಿ ಅಂದರು. ಸ್ವಾಮಿಯ ದಾರಿಯನ್ನು ಸಿದ್ಧಪಡಿಸುವುದು ಅಂದರೆ ಅವರ ಪ್ರಕಾರ ಅದೇ.

ನಾನು ನಿಮಗೆ ಹೇಳಬೇಕಾದದ್ದೂ ಅಷ್ಟೇ. ಹೃದಯದ ಸಿದ್ಧತೆಯನ್ನು ಕೆಲಸ ಮುಗಿದ ಮೇಲೆ ಮಾಡುವ ಇನ್ನೊಂದು ಕೆಲಸ ಅಂದುಕೊಂಡರೆ ಅದಕ್ಕೆ ಯಾವತ್ತೂ ಹೊತ್ತು ಸಿಗುವುದಿಲ್ಲ. ನೀವು ಈಗಾಗಲೇ ಮಾಡುತ್ತಿರುವ ಕೆಲಸದ ಒಳಗೇ ಅದು ನಡೆಯಬೇಕು. ಮನಸ್ಸು ಶಾಂತವಾಗಿದೆಯೋ ಇಲ್ಲವೋ ಅಂತ ನೋಡಿಕೊಳ್ಳುತ್ತಾ ಇರಬೇಡಿ. ಶಾಂತವಾದ ಮನಸ್ಸು ಬೇರೆ, ಸಿದ್ಧವಾದ ಹೃದಯ ಬೇರೆ. ಸುಸ್ತಾದವರ ಹೃದಯವೂ ಸಿದ್ಧವಾಗಿರಬಹುದು.

ನಿಮ್ಮ ಆಫೀಸಿನಿಂದಲೇ ಶುರು ಮಾಡೋಣ. ಅಕೌಂಟ್ಸ್‌ನವರ ಡಿಸೆಂಬರ್ ಹೇಗಿರುತ್ತದೆ ಎಂದು ನನಗೆ ಗೊತ್ತು. 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್, 20ಕ್ಕೆ ಜಿಎಸ್‌ಟಿ ರಿಟರ್ನ್, 31ಕ್ಕೆ ಜಿಎಸ್‌ಟಿಯ ವಾರ್ಷಿಕ ರಿಟರ್ನ್. ಆಗಮನ ಕಾಲ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವಿನ ಯಾವುದೋ ಭಾನುವಾರ ಶುರುವಾಗುತ್ತದೆ. ಒಂದು ವರ್ಷ 28 ದಿನ ಸಿಗುತ್ತದೆ, ಇನ್ನೊಂದು ವರ್ಷ 22 ದಿನ ಮಾತ್ರ. ಅಂದರೆ ನಿಮ್ಮ ಗಡುವುಗಳೂ ಆಗಮನ ಕಾಲವೂ ಒಂದರ ಮೇಲೊಂದು ಬಂದು ಕೂರುತ್ತವೆ. ಇದರಿಂದ ಬೇಜಾರಾಗಬೇಡಿ. ಮೊದಲ ಕ್ರಿಸ್ಮಸ್ ಬಂದದ್ದೂ ಇಂಥದ್ದೇ ಹೊತ್ತಿನಲ್ಲಿ. ಚಕ್ರವರ್ತಿ ಔಗುಸ್ತನ ಅಪ್ಪಣೆಯಂತೆ ಜನಗಣತಿ ನಡೆಯುತ್ತಿತ್ತು. ರೋಮನ್ನರ ಗಣತಿ ಅಂದರೆ ತೆರಿಗೆಯ ಲೆಕ್ಕಕ್ಕೇ. ಹೆಸರು ಬರೆಸಲು ಎಲ್ಲರೂ ಅವರವರ ಊರಿಗೆ ಹೊರಟಿದ್ದರು. ಊರು ತುಂಬಿ ತುಳುಕುತ್ತಿತ್ತು, ಛತ್ರದಲ್ಲಿ ಜಾಗ ಇರಲಿಲ್ಲ. ಜೋಸೆಫರು ಬೆತ್ಲೆಹೇಮಿಗೆ ಹೋದದ್ದು ಧ್ಯಾನಕ್ಕಲ್ಲ, ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಸುವುದಕ್ಕೆ. ದೇವರು ಆ ಗಡಿಬಿಡಿ ಮುಗಿಯಲಿ ಎಂದು ಕಾಯಲಿಲ್ಲ.

ಈಗ ಯೊವಾನ್ನರ ಮಾತನ್ನು ನಿಮ್ಮ ಮೇಜಿಗೆ ತನ್ನಿ. ನಿಮ್ಮ ಹತ್ತಿರ ಬಾಕಿ ಬಿಲ್ಲುಗಳ ಫೈಲ್ ಇರುತ್ತದೆ, ಅಲ್ವಾ? ಅದರಲ್ಲಿ ದೊಡ್ಡ ಕಂಪನಿಗಳ ಬಿಲ್ಲೂ ಇರುತ್ತದೆ, ನೀರಿನ ಕ್ಯಾನ್ ತಂದುಕೊಡುವವನ ಬಿಲ್ಲೂ ಇರುತ್ತದೆ. ದೊಡ್ಡವರು ಫೋನ್ ಮೇಲೆ ಫೋನ್ ಮಾಡಿ ವಸೂಲಿ ಮಾಡಿಕೊಳ್ಳುತ್ತಾರೆ. ಕ್ಯಾನ್ ತರುವವನು ಎರಡು ಸಲ ಕೇಳಿ ಸುಮ್ಮನಾಗುತ್ತಾನೆ. ನಿಮ್ಮ ಅಧಿಕಾರಕ್ಕೆ ಬರುವುದಾದರೆ ಡಿಸೆಂಬರ್ 24ರ ಒಳಗೆ ಸಣ್ಣವರ ಬಿಲ್ಲುಗಳನ್ನು ಮುಂದೆ ತಳ್ಳಿ. ಅಧಿಕಾರ ಇಲ್ಲದಿದ್ದರೆ ಇರುವವರಿಗೆ ಒಂದು ಮಾತು ನೆನಪಿಸಿ. ಇದು ಹತ್ತು ನಿಮಿಷದ ಕೆಲಸ. ಕೆಲಸದ ಹೆಂಗಸಿಗೆ, ಟೈಲರ್‌ಗೆ, ಮನೆಗೆ ಬಣ್ಣ ಹೊಡೆದವರಿಗೆ ಕೊಡಬೇಕಾದದ್ದನ್ನು ಹಬ್ಬದ ಮುಂಚೆಯೇ ಕೊಟ್ಟುಬಿಡಿ. ಅವರ ಮನೆಯಲ್ಲೂ ಖರ್ಚಿರುತ್ತದೆ. ಇದನ್ನು ಮಾಡುವಾಗ 'ಸ್ವಾಮಿ, ನಿಮ್ಮ ಬರುವಿಕೆಗಾಗಿ' ಎಂದು ಮನಸ್ಸಿನಲ್ಲಿ ಅಂದುಕೊಳ್ಳಿ. ಇದೂ ಪ್ರಾರ್ಥನೆಯೇ. ಇದನ್ನು ಬರೀ ಒಳ್ಳೆಯ ನಡತೆ ಅಂತ ಬೇರೆ ಇಡಬೇಡಿ.

ಇನ್ನು ಅಡುಗೆಮನೆ. ಮಾರ್ತಳ ಕಥೆ ಹೇಳಿ ಹೆಂಗಸರನ್ನು ಗದರಿಸುವ ಪ್ರಸಂಗಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ನನಗೆ ಅವು ಅಷ್ಟಾಗಿ ಹಿಡಿಸುವುದಿಲ್ಲ. ಲೂಕನ 10ನೇ ಅಧ್ಯಾಯದಲ್ಲಿ, ಮನೆಗೆ ಬಂದ ಯೇಸುಸ್ವಾಮಿಯ ಉಪಚಾರದ ಗಡಿಬಿಡಿಯಲ್ಲಿ ಸಹೋದರಿ ಕೈಜೋಡಿಸುತ್ತಿಲ್ಲ ಎಂದು ದೂರಿದ ಆಕೆಗೆ ಸ್ವಾಮಿ, ನೀನು ಎಷ್ಟೋ ವಿಷಯಗಳಿಗೆ ಚಿಂತೆ ಮಾಡಿ ತಳಮಳಗೊಂಡಿದ್ದೀ ಅಂದದ್ದು ನಿಜ. ಆದರೆ ಅವಳ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಯೊವಾನ್ನನ (ಇವರು ಸ್ನಾನಿಕ ಯೊವಾನ್ನರಲ್ಲ, ಬೇರೆಯವರು) ಶುಭಸಂದೇಶದ 11ನೇ ಅಧ್ಯಾಯದಲ್ಲಿ ಒಡಹುಟ್ಟಿದ ಲಾಜರನ ಸಾವಿನ ನಡುವೆ 'ನೀವು ಕ್ರಿಸ್ತರು, ದೇವರ ಪುತ್ರರು ಎಂದು ನಂಬುತ್ತೇನೆ' ಎಂದು ಬಾಯಿಬಿಟ್ಟು ಹೇಳಿದವಳು ಇದೇ ಮಾರ್ತ. ಮುಂದಿನ ಅಧ್ಯಾಯದಲ್ಲಿ ಬೆಥಾನಿಯದಲ್ಲಿ ಸ್ವಾಮಿಗೆ ಊಟ ಏರ್ಪಾಡಾಗುತ್ತದೆ. ಅಲ್ಲಿ ಒಂದು ಸಣ್ಣ ಮಾತು ಬರುತ್ತದೆ: ಮಾರ್ತ ಬಡಿಸುತ್ತಿದ್ದಳು. ಮತ್ತೆ ಅದೇ ಕೆಲಸ! ಈ ಸಲ ಆಕೆ ಯಾರ ಮೇಲೂ ದೂರು ಹೇಳುವುದಿಲ್ಲ, ಯಾರೂ ಆಕೆಯನ್ನು ತಿದ್ದುವುದೂ ಇಲ್ಲ. ಕೆಲಸ ಅದೇ ಇತ್ತು, ತಳಮಳ ಹೋಗಿತ್ತು.

ಹೇಗೆ ಹೋಯಿತು? ಶುಭಸಂದೇಶ ಹೇಳುವುದಿಲ್ಲ. ಆದರೆ ಅಡುಗೆ ಮಾಡುತ್ತಲೇ ದೇವರ ಜೊತೆ ಇರಬಹುದು ಎಂದು ಬದುಕಿ ತೋರಿಸಿದವರಿದ್ದಾರೆ. ಸ್ಪೇನಿನ ಆವಿಲಾದ ಸಂತ ತೆರೇಸಾ 16ನೇ ಶತಮಾನದವರು. ಊರೂರು ಸುತ್ತಿ ಮಠಗಳನ್ನು ಕಟ್ಟಿದರು. ಜಾಗದ ವ್ಯವಹಾರ, ದುಡ್ಡಿನ ತಾಪತ್ರಯ, ಮುಗಿಯದಷ್ಟು ಪತ್ರಗಳು, ಜೊತೆಗೆ ಅನಾರೋಗ್ಯ. ಬಿಡುವು ಅನ್ನುವುದು ಅವರಿಗೂ ಇರಲಿಲ್ಲ. ತಮ್ಮ ಸಿಸ್ಟರ್‌ಗಳಿಗೆ ಅವರು ಬರೆದ ಮಾತೊಂದಿದೆ: ಅಡುಗೆಮನೆಯ ಮಡಕೆಗಳ ನಡುವೆಯೂ ಸ್ವಾಮಿ ಓಡಾಡುತ್ತಾರೆ. ಬರೀ ಚಂದಕ್ಕೆ ಹೇಳಿದ ಮಾತಲ್ಲ ಅದು. ಕೆಲಸಕ್ಕೆ ಹೋಗಬೇಕಾಗಿ ಪ್ರಾರ್ಥನೆ ತಪ್ಪಿತು ಎಂದು ಕೊರಗುವವರಿಗೆ ಬರೆದದ್ದು.

ರೋಸ್ ಕುಕ್ಕೀಸ್ ಮಾಡುವಾಗ ಏನು ಮಾಡುತ್ತೀರಿ ನೋಡಿ. ಅಚ್ಚನ್ನು ಮೊದಲು ಎಣ್ಣೆಯಲ್ಲೇ ಇಟ್ಟು ಕಾಯಿಸುತ್ತೀರಿ. ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ತೀರಾ ಕಾದರೂ ಜಾರುತ್ತದೆ. ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದುತ್ತೀರಿ, ಪೂರ್ತಿ ಮುಳುಗಿದರೆ ಹೂವು ಅಚ್ಚಿನಿಂದ ಬಿಡುವುದಿಲ್ಲ. ಮತ್ತೆ ಎಣ್ಣೆಗೆ ಇಳಿಸಿ, ಸ್ವಲ್ಪ ಗಟ್ಟಿಯಾಗುವ ತನಕ ಹಿಡಿದು, ಮೆಲ್ಲಗೆ ಅಲುಗಿಸಿದರೆ ಹೂವು ಬಿಡಿಸಿಕೊಂಡು ತೇಲುತ್ತದೆ. ಆ ಹಿಡಿದು ನಿಲ್ಲುವ ಹೊತ್ತು ಇದೆಯಲ್ಲ, ಅದನ್ನು ಬಳಸಿಕೊಳ್ಳಿ. ಒಂದು ಹೂವಿಗೆ ಒಬ್ಬರ ಹೆಸರು. ಪಕ್ಕದ ಮನೆ ಅಜ್ಜಿ. ಮಗಳ ಟೀಚರ್. ಆಫೀಸಿನಲ್ಲಿ ನಿಮ್ಮ ಮೇಲೆ ರೇಗಾಡುವ ಮ್ಯಾನೇಜರ್. ಈ ವರ್ಷ ತೀರಿಕೊಂಡ ನೆಂಟರು. 'ಸ್ವಾಮಿ, ಇವರ ಮನೆಗೂ ಬನ್ನಿ' ಅಂದರೆ ಸಾಕು. ಒಂದು ಡಬ್ಬಿ ತುಂಬುವಷ್ಟರಲ್ಲಿ ನಿಮಗೆ ಗೊತ್ತಿರುವ ಬಹಳಷ್ಟು ಜನರಿಗಾಗಿ ಪ್ರಾರ್ಥಿಸಿರುತ್ತೀರಿ. ಮಕ್ಕಳು ಜೊತೆಗಿದ್ದರೆ ಅವರೂ ಹೆಸರು ಹೇಳಲಿ. ಅವರು ಹೇಳುವ ಹೆಸರುಗಳು ನಮಗೆ ಹೊಳೆಯುವುದೇ ಇಲ್ಲ.

ಹಂಚುವ ತಟ್ಟೆಗಳ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ದೀಪಾವಳಿಗೆ, ರಂಜಾನ್‌ಗೆ ತಟ್ಟೆ ಕಳಿಸಿದವರಿಗೆ ಕ್ರಿಸ್ಮಸ್‌ಗೆ ನಾವು ಕಳಿಸುತ್ತೇವೆ. ಅದು ಚೆನ್ನಾಗಿದೆ, ಹಾಗೇ ಇರಲಿ. ಆದರೆ ವಾಪಸ್ ಕೊಡಲಾಗದ ಒಂದೆರಡು ಮನೆಗಳನ್ನೂ ಪಟ್ಟಿಗೆ ಸೇರಿಸಿ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ರಜೆಗೆ ಊರಿಗೆ ಹೋಗಲಾಗದ ಪಿಜಿ ಹುಡುಗರು, ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದ ಕುಟುಂಬ. ಇದಕ್ಕೆ ಹೊತ್ತು ಬೇಕಲ್ಲ ಅನ್ನುತ್ತೀರಿ. ಬೇಕು. ಅದಕ್ಕಾಗಿ ಬೇರೆ ಏನನ್ನಾದರೂ ಬಿಡಬೇಕು. ಎಂಟು ಬಗೆ ತಿಂಡಿ ಮಾಡುತ್ತಿದ್ದರೆ ಈ ವರ್ಷ ನಾಲ್ಕು ಮಾಡಿ. ಕೇಕನ್ನು ಬೇಕರಿಯಿಂದ ತನ್ನಿ. ಕಜ್ಜಾಯ ಬಿಡಬೇಡಿ, ಅತ್ತೆಗೆ ಅದು ಬೇಕಾಗಿರುತ್ತದೆ. ಅಕ್ಕಿ ನೆನೆಸಿ ಆರಿಸಿ ಹಿಟ್ಟು ಮಾಡಿಸುವ ಕೆಲಸವನ್ನು ಯಜಮಾನರಿಗೆ ವಹಿಸಿ. ಶಿಫ್ಟ್ ಡ್ಯೂಟಿಯವರಿಗೆ ಹಗಲು ಮನೆಯಲ್ಲಿರುವ ದಿನಗಳೂ ಬರುತ್ತವೆ. ಇಡೀ ಹಬ್ಬವನ್ನು ಒಬ್ಬ ಹೆಂಗಸಿನ ಬೆನ್ನಿನ ಮೇಲೆ ಹೊರಿಸಿ, ಆಮೇಲೆ ಅವಳಿಗೆ ಪ್ರಾರ್ಥನೆ ಮಾಡು ಅನ್ನುವುದು ನ್ಯಾಯವಲ್ಲ. ಇದನ್ನು ನಾನು ಗಂಡಸರ ಸಭೆಯಲ್ಲೂ ಹೇಳುತ್ತೇನೆ.

ಬಿಡುವ ವಿಷಯ ಬಂತಲ್ಲ, ಉಪವಾಸದ ಬಗ್ಗೆಯೂ ಹೇಳುತ್ತೇನೆ. ಬೆಳ್ತಂಗಡಿ ಕಡೆಯ ಸಿರೋ ಮಲಬಾರ್ (ಕೇರಳ ಮೂಲದ ಕಥೋಲಿಕ ಪದ್ಧತಿಯ) ಕುಟುಂಬಗಳಲ್ಲಿ ಅನೇಕರು ಡಿಸೆಂಬರ್ 1ರಿಂದ 25 ದಿನ ಮಾಂಸ, ಮೀನು ಮುಟ್ಟುವುದಿಲ್ಲ. ನಮ್ಮ ಲತೀನ್ ಪದ್ಧತಿಯಲ್ಲಿ ಆಗಮನ ಕಾಲಕ್ಕೆ ಅಂಥ ಕಡ್ಡಾಯ ಉಪವಾಸ ಇಲ್ಲ. ಆದರೂ ನಿಮಗೆ ಇಷ್ಟವಾದ ಒಂದನ್ನು ಬಿಟ್ಟು ನೋಡಿ. ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ರೀಲ್ಸ್ ನೋಡುವ ಅಭ್ಯಾಸ ಇದ್ದರೆ ಅದೇ ಸಾಕು. ಅಲ್ಲಿ ಉಳಿಯುವ ಹತ್ತು ನಿಮಿಷವೇ ನಾನು ಈಗ ಹೇಳುವುದಕ್ಕೆ ಬೇಕಾದದ್ದು.

ಆಗಮನ ಕಾಲ ಪೂರ್ತಿ ಹಿಡಿಯಲು ಆಗದಿದ್ದರೆ ಕೊನೆಯ ಎಂಟು ದಿನಗಳನ್ನು ಹಿಡಿಯಿರಿ. ಡಿಸೆಂಬರ್ 17ರಿಂದ 24ರ ತನಕ ಧರ್ಮಸಭೆ ಪ್ರತಿ ದಿನಕ್ಕೂ ಬೇರೆಯದೇ ವಾಚನ ಇಟ್ಟಿದೆ. ಯೇಸುವಿನ ಜನನದ ಹಿಂದಿನ ಕಥೆ ಅಲ್ಲಿ ಒಂದೊಂದೇ ಕಂತಾಗಿ ಬರುತ್ತದೆ. 17ಕ್ಕೆ ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿ. 18ಕ್ಕೆ ಜೋಸೆಫರ ಕನಸು. 19ರಿಂದ ಲೂಕನ ಮೊದಲ ಅಧ್ಯಾಯ ಶುರು: ದೇವಾಲಯದಲ್ಲಿ ಮಾತು ಕಳೆದುಕೊಂಡ ಜಕರೀಯ, ಅಂದರೆ ಸ್ನಾನಿಕ ಯೊವಾನ್ನರ ತಂದೆ, 20ಕ್ಕೆ ಗಬ್ರಿಯೇಲ್ ದೂತ ಮರಿಯಮ್ಮನವರ ಬಳಿಗೆ ಬರುವುದು, 21ಕ್ಕೆ ಅವರು ಜಕರೀಯನ ಹೆಂಡತಿ ಎಲಿಜಬೇತಳ ಮನೆಗೆ ಹೋಗುವುದು, 22ಕ್ಕೆ ಅವರ ಸ್ತುತಿಗೀತೆ, 23ಕ್ಕೆ ಯೊವಾನ್ನರ ಜನನ, 24ರ ಬೆಳಿಗ್ಗೆ ಜಕರೀಯನ ಹಾಡು. ಪ್ರತಿಯೊಂದೂ ಐದು ನಿಮಿಷದ ಓದು. ಆಫೀಸಿಗೆ ಹೋಗುವಾಗ ಮೆಟ್ರೋದಲ್ಲೋ ಬಸ್ಸಿನಲ್ಲೋ ಓದಬಹುದು. ಎಂಟು ಭಾಗಗಳನ್ನು ಮೊದಲೇ ಪ್ರಿಂಟ್ ತೆಗೆದು ಬ್ಯಾಗಿನಲ್ಲಿಟ್ಟುಕೊಳ್ಳಿ. ಫೋನಿನಲ್ಲಿ ಓದಲು ಹೋದರೆ ಆಫೀಸಿನ ಮೆಸೇಜು ಮೊದಲು ಕಾಣುತ್ತದೆ.

ಓದಿದ್ದನ್ನು ಪೂರ್ತಿ ಅರ್ಥ ಮಾಡಿಕೊಳ್ಳಬೇಕಿಲ್ಲ. ಮನಸ್ಸಿಗೆ ತಟ್ಟಿದ ಒಂದು ಸಾಲನ್ನು ಇಡೀ ದಿನ ಜೊತೆಗಿಟ್ಟುಕೊಳ್ಳಿ. ಉದಾಹರಣೆಗೆ 21ರ ವಾಚನದಲ್ಲಿ ಮರಿಯಮ್ಮನವರು ಬೆಟ್ಟದ ಸೀಮೆಗೆ ಅವಸರವಾಗಿ ಹೊರಟರು ಎಂದಿದೆ. ಅವರದ್ದೂ ಅವಸರವೇ. ದೂತನ ಮಾತು ಕೇಳಿದ ಮೇಲೆ ಅವರು ಮನೆಯಲ್ಲಿ ಕಣ್ಣುಮುಚ್ಚಿ ಕೂರಲಿಲ್ಲ. ವಯಸ್ಸಾದ ಮೇಲೆ ಬಸುರಿಯಾದ ನೆಂಟರ ಹೆಂಗಸಿನ ಬಳಿಗೆ ಓಡಿದರು. ಸುಮಾರು ಮೂರು ತಿಂಗಳು ಅಲ್ಲೇ ಇದ್ದರು. ಅಲ್ಲಿ ಎಷ್ಟು ಕೆಲಸ ಇದ್ದಿರಬೇಕು ಎಂದು ನಿಮಗೇ ಚೆನ್ನಾಗಿ ಗೊತ್ತು. ಅವಸರ ತಾನಾಗಿ ಪಾಪವಲ್ಲ. ಯಾರಿಗಾಗಿ ಅವಸರ ಅನ್ನುವುದನ್ನು ಮಾತ್ರ ಆಗಾಗ ಕೇಳಿಕೊಳ್ಳಿ. ಪರದೆ ಬದಲಾಯಿಸುವ ಅವಸರದಲ್ಲಿ ಅತ್ತೆಯ ಮೇಲೆ ರೇಗಿದರೆ, ಆ ಪರದೆ ಯಾರಿಗಾಗಿ?

ಈಗ 17ರ ವಂಶಾವಳಿಗೆ ಬರುತ್ತೇನೆ. ಇದನ್ನು ಓದುವಾಗ ಪೂಜೆಯಲ್ಲಿ ಎಲ್ಲರೂ ಆಕಳಿಸುತ್ತಾರೆ. ಅಬ್ರಹಾಮನಿಂದ ಹಿಡಿದು ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರು, ಬರೀ ಹೆಸರುಗಳು. ನೀವು ಆ ಹೆಸರುಗಳ ಹಿಂದಿನ ಮನೆಗಳನ್ನು ನೋಡಿ. ಮಾವನಿಂದಲೇ ಮೋಸಹೋದ ತಾಮಾರ್ ಇದ್ದಾಳೆ. ಅಣ್ಣನಿಗೆ ಮೋಸ ಮಾಡಿ ಮನೆಬಿಟ್ಟು ಓಡಿದ ಯಕೋಬ ಇದ್ದಾನೆ. ಒಡಹುಟ್ಟಿದವನನ್ನೇ ಮಾರಿಬಿಟ್ಟ ಅಣ್ಣಂದಿರಿದ್ದಾರೆ. ಊರೀಯನ ಹೆಂಡತಿ ಎಂದು ಬರೆಯುವ ಮೂಲಕ ಮತ್ತಾಯ ದಾವೀದನ ಪಾಪವನ್ನೂ ಮುಚ್ಚಿಡದೆ ಇಟ್ಟಿದ್ದಾನೆ. ಯೇಸುಸ್ವಾಮಿ ಹುಟ್ಟಿದ್ದು ಇಂಥ ಮನೆತನದಲ್ಲಿ. ಮಾತು ಬಿಟ್ಟವರು, ಆಸ್ತಿಗೆ ಜಗಳ ಆಡಿದವರು, ಕ್ಷಮಿಸಿದವರು, ಕ್ಷಮಿಸದವರು, ಎಲ್ಲರೂ ಅಲ್ಲಿದ್ದಾರೆ.

ಇದನ್ನು ಯಾಕೆ ಎತ್ತಿದೆ ಅಂದರೆ, ನೀವು ಪತ್ರದಲ್ಲಿ ಓರಗಿತ್ತಿಯ ವಿಷಯ ಬರೆದು 'ಅದು ಬೇರೆ ವಿಷಯ ಬಿಡಿ' ಅಂದಿದ್ದೀರಿ. ಸಹೋದರಿ, ಅದು ಬೇರೆ ವಿಷಯ ಅಲ್ಲ. ನೀವು ಬರೆದ ಅಷ್ಟೂ ವಿಷಯಗಳಲ್ಲಿ ಹೃದಯಕ್ಕೆ ಅತಿ ಹತ್ತಿರದ್ದು ಅದೇ. ಗಡುವುಗಳು 31ಕ್ಕೆ ಮುಗಿಯುತ್ತವೆ. ಇದು ಎರಡು ವರ್ಷದಿಂದ ಮುಗಿದಿಲ್ಲ. ನೀವು ಪೂಜೆಯಲ್ಲಿ ಕೂತಾಗಲೂ ಕಣ್ಣು ಅವರು ಬಂದಿದ್ದಾರಾ ಎಂದು ಹುಡುಕುತ್ತಿದ್ದರೆ, ಪ್ರಾರ್ಥನೆ ಎಷ್ಟು ಹೊತ್ತು ಮಾಡಿದರೂ ಮನಸ್ಸು ಅಲ್ಲಿ ನಿಲ್ಲುವುದು ಕಷ್ಟ. ಬಲಿಪೀಠದ ಮುಂದೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಸ್ವಾಮಿ ಹೇಳಿದ್ದು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ತಪ್ಪು ಯಾರದು ಎಂದು ಅವರು ಅಲ್ಲಿ ಕೇಳುವುದೇ ಇಲ್ಲ.

ಜಗಳದ ಕಾರಣ ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಹೊಡೆತ, ಬೆದರಿಕೆ, ದೊಡ್ಡ ಮೋಸ ಇಂಥದ್ದೇನಾದರೂ ಆಗಿದ್ದರೆ, ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳ ಜೊತೆ ಎದುರಿಗೆ ಕೂತು ಮಾತಾಡಿ. ಕ್ಷಮಿಸುವುದು ಅಂದರೆ ಮತ್ತೆ ಪೆಟ್ಟು ತಿನ್ನಲು ಹೋಗುವುದಲ್ಲ. ಆದರೆ ಬಹಳಷ್ಟು ಮನೆಗಳಲ್ಲಿ ಹಾಗಿರುವುದಿಲ್ಲ. ಯಾವುದೋ ಮದುವೆಯಲ್ಲಿ ಕರೆಯಲಿಲ್ಲ, ಅತ್ತೆಯ ಒಡವೆ ಯಾರಿಗೆ ಹೋಯಿತು, ಮಕ್ಕಳ ಬಗ್ಗೆ ಏನೋ ಅಂದರು, ಇಂಥದ್ದು. ನಿಮ್ಮದೂ ಹಾಗೇ ಇದ್ದರೆ ಆಗಮನ ಕಾಲದ ಮೊದಲ ಎರಡು ವಾರ ಸುಮ್ನೆ ಅವರ ಹೆಸರು ಹಿಡಿದು ಪ್ರಾರ್ಥಿಸಿ. ಅವರು ಬದಲಾಗಲಿ ಎಂದಲ್ಲ. ಅವರಿಗೆ, ಅವರ ಮಕ್ಕಳಿಗೆ ಒಳ್ಳೆಯದಾಗಲಿ ಎಂದು. ಮೊದಲ ಕೆಲವು ದಿನ ಬಾಯಿ ಒಣಗುತ್ತದೆ, ಮುಂದುವರಿಸಿ. ಆಮೇಲೆ ಒಂದು ಸಣ್ಣ ಮೆಸೇಜು ಕಳಿಸಿ, ಇಲ್ಲವೇ ಫೋನ್ ಮಾಡಿ. 'ಅಕ್ಕ, ಹಬ್ಬ ಹತ್ತಿರ ಬಂತು. ನೀವು, ಮಕ್ಕಳು ಎಲ್ಲ ಮನೆಗೆ ಬಂದರೆ ನನಗೆ ಸಂತೋಷವಾಗುತ್ತದೆ.' ಅಷ್ಟೇ. ಹಳೆಯ ಲೆಕ್ಕ ತೆಗೆಯಬೇಡಿ, ವಿವರಣೆ ಕೊಡಬೇಡಿ. ಅತ್ತೆಯನ್ನು ನಡುವೆ ದೂತರನ್ನಾಗಿ ಮಾಡಬೇಡಿ. ಹಬ್ಬದ ದಿನ ನೆಂಟರ ಎದುರಿಗೆ ಮೊದಲ ಮಾತು ಆಡುವ ಹಾಗೆ ಬಿಡಲೂ ಬೇಡಿ. ಎಲ್ಲರ ಕಣ್ಣು ನಿಮ್ಮಿಬ್ಬರ ಮೇಲಿದ್ದರೆ ಮಾತು ಹೊರಡುವುದಿಲ್ಲ.

ಅವರು ಉತ್ತರ ಕೊಡದೆ ಇರಬಹುದು. ಆಗಲೂ ನಿಮ್ಮ ಕಡೆಯ ಬಾಗಿಲು ತೆರೆದಿರುತ್ತದೆ. ಹೃದಯದ ಸಿದ್ಧತೆಯಲ್ಲಿ ನಿಮ್ಮ ಪಾಲಿನದ್ದು ಅದೇ. ಅವರ ಪಾಲನ್ನು ಸ್ವಾಮಿಗೆ ಬಿಡಿ.

ಇದರ ಜೊತೆಗೇ ಪಾಪನಿವೇದನೆ, ಅಂದರೆ ಗುರುಗಳ ಬಳಿ ತಪ್ಪು ಒಪ್ಪಿಕೊಂಡು ಕ್ಷಮೆ ಪಡೆಯುವುದು, ಬರುತ್ತದೆ. ಹಬ್ಬದ ಹಿಂದಿನ ಎರಡು ದಿನ ದೇವಾಲಯಗಳಲ್ಲಿ ಉದ್ದ ಸಾಲು ಇರುತ್ತದೆ. ಹಿಂದೆ ನಿಂತವರ ಗಮನ ವಾಚಿನ ಮೇಲೆ, ಒಳಗೆ ಕೂತ ಗುರುಗಳಿಗೂ ಸುಸ್ತು. ನೀವು ಎರಡನೇ ವಾರದಲ್ಲೇ ಹೋಗಿ. ವಾರದ ದಿನ ಸಂಜೆ ಪೂಜೆಗೆ ಮುಂಚೆ ಗುರುಗಳನ್ನು ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಹೋಗುವ ಮುಂಚೆ ಹತ್ತು ಕಟ್ಟಳೆಗಳ ಜೊತೆಗೆ ಯೊವಾನ್ನರ ಮೂರು ಮಾತುಗಳನ್ನೂ ಇಟ್ಟುಕೊಂಡು ನೋಡಿ: ಹಂಚಿಕೊಂಡೆನಾ, ನನ್ನದಲ್ಲದ್ದನ್ನು ತೆಗೆದುಕೊಂಡೆನಾ, ನನ್ನ ಕೈಕೆಳಗಿನವರನ್ನು ಹೆದರಿಸಿದೆನಾ. ಗೃಹಿಣಿಯರಿಗೂ ಮ್ಯಾನೇಜರುಗಳಿಗೂ ಈ ಕೊನೆಯದು ಚುಚ್ಚುತ್ತದೆ. ನಮಗೆ ಗುರುಗಳಿಗೂ ಚುಚ್ಚುತ್ತದೆ.

ಮನೆಯವರೆಲ್ಲ ಸೇರಿ ಮಾಡಲು ಒಂದೇ ಒಂದು ಕೆಲಸ ಇಟ್ಟುಕೊಳ್ಳಿ, ಜಾಸ್ತಿ ಬೇಡ. ಆಗಮನ ಕಾಲದ ಮೇಣದಬತ್ತಿಗಳು ಅದಕ್ಕೆ ಚೆನ್ನಾಗಿ ಹೊಂದುತ್ತವೆ. ಈ ಪದ್ಧತಿಯನ್ನು ಈಗಿನ ರೂಪದಲ್ಲಿ ಶುರು ಮಾಡಿದವರು ಜರ್ಮನಿಯ ಯೋಹಾನ್ ಹಿನ್ರಿಶ್ ವಿಖೆರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, 1839ರಲ್ಲಿ. ಹ್ಯಾಂಬರ್ಗ್‌ನಲ್ಲಿ ಅವರು ಬಡಮಕ್ಕಳನ್ನು ಸಾಕುತ್ತಿದ್ದರು. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ಕೇಳುತ್ತಲೇ ಇರುತ್ತಿದ್ದರಂತೆ. ಅದಕ್ಕೆ ಒಂದು ಗಾಡಿಚಕ್ರದ ಮೇಲೆ ಭಾನುವಾರಗಳಿಗೆ ದೊಡ್ಡ ಬಿಳಿ ಮೇಣದಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಮೇಣದಬತ್ತಿ ಇಟ್ಟು ದಿನಕ್ಕೊಂದು ಹಚ್ಚಿದರು. ನಮ್ಮ ಮೂರು ನೇರಳೆ, ಒಂದು ಗುಲಾಬಿ ಬಣ್ಣ ಆಮೇಲೆ ಬಂದದ್ದು. ನಿಮಗೆ ಹಸಿರು ಚಕ್ರ, ರಿಬ್ಬನ್ ಏನೂ ಬೇಕಿಲ್ಲ. ಒಂದು ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಮೇಣದಬತ್ತಿ ಸಾಕು. ರಾತ್ರಿ ಊಟಕ್ಕೆ ಮುಂಚೆ ಲೈಟ್ ಆರಿಸಿ ಹಚ್ಚಿ. ಹಚ್ಚುವುದು ಮಕ್ಕಳ ಸರದಿ. ಆ ದಿನದ ವಾಚನದ ಎರಡು ಸಾಲು, ಪರಲೋಕ ಮಂತ್ರ, ಅತ್ತೆಗೆ ಗೊತ್ತಿರುವ ಒಂದು ಹಳೆಯ ಹಾಡು. ಯಜಮಾನರು ನೈಟ್ ಶಿಫ್ಟಿನಲ್ಲಿದ್ದರೆ ಅವರ ಹೆಸರನ್ನೂ ಸೇರಿಸಿ. ಐದು ನಿಮಿಷಕ್ಕೆ ಮುಗಿಯುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಹಚ್ಚಿ, ಅಷ್ಟೇ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದನ್ನು ಪೂರ್ತಿ ಮಕ್ಕಳಿಗೇ ಬಿಟ್ಟುಬಿಡಿ. 1223ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಮಾಡಿಸಿದ ಗೋದಲಿಯಲ್ಲಿ ಗೊಂಬೆಗಳೇ ಇರಲಿಲ್ಲ. ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ, ಸುತ್ತ ಪಂಜು ಹಿಡಿದ ಊರಿನ ಜನ. ಆ ಗೋದಲಿಯ ಮೇಲೇ ಬಲಿಪೂಜೆ ನಡೆಯಿತು. ಹಾಗಾಗಿ ನಿಮ್ಮ ಮನೆಯ ಗೋದಲಿಯಲ್ಲಿ ಕುರಿಗಿಂತ ಪ್ಲಾಸ್ಟಿಕ್ ಡೈನೋಸಾರ್ ದೊಡ್ಡದಾಗಿ ಕಂಡರೂ ತಿದ್ದಲು ಹೋಗಬೇಡಿ.

ಮಧ್ಯರಾತ್ರಿ ಪೂಜೆಯ ನಿದ್ದೆಯ ಬಗ್ಗೆ ನಾಚಿಕೆ ಪಟ್ಟುಕೊಂಡಿದ್ದೀರಿ. ನಾ ನೋಡಿದ ಹಾಗೆ ಆ ರಾತ್ರಿ ನಿದ್ದೆ ಹೋಗುವವರು ಹೆಚ್ಚಾಗಿ ಉಳಿದವರಿಗಾಗಿ ದಿನವಿಡೀ ದುಡಿದವರೇ. ಕ್ರಿಸ್ಮಸ್‌ಗೆ ಧರ್ಮಸಭೆ ಮೂರು ಪೂಜೆಗಳನ್ನು ಇಟ್ಟಿದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ: ರಾತ್ರಿಯದು, ಮುಂಜಾನೆಯದು, ಹಗಲಿನದು. ಮೂರಕ್ಕೂ ಬೇರೆ ಬೇರೆ ಶುಭಸಂದೇಶ. ರಾತ್ರಿಯದರಲ್ಲಿ ಜನನ ಮತ್ತು ದೂತರ ಹಾಡು. ಮುಂಜಾನೆಯದರಲ್ಲಿ ಕುರುಬರು ಬಂದು ಮಗುವನ್ನು ನೋಡುವುದು, ಮರಿಯಮ್ಮನವರು ಇದನ್ನೆಲ್ಲ ಮನಸ್ಸಿನಲ್ಲಿಟ್ಟು ಯೋಚಿಸುವುದು. ಹಗಲಿನದರಲ್ಲಿ ಯೊವಾನ್ನನ ಶುಭಸಂದೇಶದ ಆರಂಭ. ಇವುಗಳಲ್ಲಿ ಒಂದಕ್ಕೆ ಹೋದರೂ ಹಬ್ಬದ ಪೂಜೆಯ ಕರ್ತವ್ಯ ಪೂರೈಸಿದಂತೆ. ಮಕ್ಕಳು, ಯಜಮಾನರು ಬೇಕಿದ್ದರೆ ರಾತ್ರಿ ಹೋಗಲಿ. ನೀವು ಹತ್ತಕ್ಕೆ ಮಲಗಿ ಬೆಳಿಗ್ಗೆ ಮೊದಲ ಪೂಜೆಗೆ ಹೋಗಿ. ನಾಲ್ಕು ಜನ ಏನಂದುಕೊಳ್ಳುತ್ತಾರೆ ಎಂದು ಯೋಚಿಸಬೇಡಿ.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ. ಹಬ್ಬ ಮುಗಿದ ಮೇಲೆ ಅತ್ತುಬಿಟ್ಟೆ ಎಂದು ಬರೆದಿದ್ದೀರಿ. ಅದು ಬರೀ ಸುಸ್ತಿನ ಅಳುವಾದರೆ ನಿದ್ದೆ ಮಾಡಿ ಎದ್ದಾಗ ಹಗುರಾಗುತ್ತದೆ. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಇದ್ದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಕಡಿಮೆ ಆದದ್ದಕ್ಕೇ ಹೀಗಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕೊನೆಗೆ, ಕ್ರಿಸ್ಮಸ್ 25ರ ರಾತ್ರಿಗೆ ಮುಗಿಯುವುದಿಲ್ಲ. ಧರ್ಮಸಭೆ ಅದನ್ನು ಎಂಟು ದಿನ ಒಂದೇ ಹಬ್ಬದಂತೆ ಆಚರಿಸುತ್ತದೆ. ಆಮೇಲೆ ಮೂರು ರಾಯರ ಹಬ್ಬ, ಸ್ವಾಮಿಯ ದೀಕ್ಷಾಸ್ನಾನದ ಹಬ್ಬ. ಅಂದರೆ ಸಾಮಾನ್ಯವಾಗಿ ಜನವರಿಯ ಎರಡನೇ ಭಾನುವಾರದ ಹೊತ್ತಿನ ತನಕ ಕ್ರಿಸ್ಮಸ್ ಕಾಲವೇ ನಡೆಯುತ್ತಿರುತ್ತದೆ. ನಿಮ್ಮ ವಾರ್ಷಿಕ ರಿಟರ್ನ್ 31ಕ್ಕೆ ಮುಗಿಯುತ್ತದೆ, ನೆಂಟರೂ ಅಷ್ಟರಲ್ಲಿ ಊರಿಗೆ ಹೊರಟಿರುತ್ತಾರೆ. ಹೊಸ ವರ್ಷದ ಮೊದಲ ವಾರ ಒಂದು ದಿನ ರಜೆ ಹಾಕಲು ಆದರೆ ಹಾಕಿ. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯ ಗೋದಲಿಯ ಮುಂದೆ, ಇಲ್ಲವೇ ಹತ್ತಿರದ ದೇವಾಲಯದಲ್ಲಿ ಸುಮ್ನೆ ಕೂತುಕೊಳ್ಳಿ. ಧ್ಯಾನಕೂಟದಲ್ಲಿ ಹೇಳಿದ ಆ ಒಂದು ಗಂಟೆ ನಿಮಗೆ ಆಗ ಸಿಕ್ಕರೂ ಸಿಗಬಹುದು. ಅಲ್ಲಿಯ ತನಕ ಗೋದಲಿ ಬಿಚ್ಚಬೇಡಿ.